ಸಾರಾಂಶ ಕೊಡದ ಹಾಳೆ: ಬೀದರ್ ಕಡೆಯ ಒಂದು ಇಂಗ್ಲಿಷ್ ತರಗತಿ

ಹಿನ್ನೆಲೆ

ಸಾರಾಂಶ ಕೊಡದೆ, ಒಂದು ಹಾಳೆಯಿಂದ ಕವನ ಓದಿಸಿದ ಈ ಪ್ರಯತ್ನ ಬೀದರ್ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಡೆದದ್ದು. ಯಾವ ಕಾಲೇಜು, ಯಾವ ವರ್ಷ ಅಂತ ಹೇಳುವುದಿಲ್ಲ. ಪಾಠ ಮಾಡಿದವರು ಅತಿಥಿ ಉಪನ್ಯಾಸಕಿ. ಅವರನ್ನು ಇಲ್ಲಿ ಮೇಡಂ ಅಂತಲೇ ಕರೆಯುತ್ತೇನೆ. ವಿದ್ಯಾರ್ಥಿಗಳ ಊರು ಮನೆತನದ ಗುರುತನ್ನು ಸ್ವಲ್ಪ ಅದಲುಬದಲು ಮಾಡಿದ್ದೇನೆ. ನಾನೂ ಇಂಗ್ಲಿಷ್ ಕಲಿಸುವವನೇ. ಮೇಡಂ ಸಾಮಗ್ರಿ ತಯಾರಿಸುವಾಗ ನನಗೆ ತೋರಿಸುತ್ತಿದ್ದರು, ಕೆಲವು ಸಲ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದ್ದೂ ಇದೆ.

ತರಗತಿ ಬಿಎ, ಐಚ್ಛಿಕ ಇಂಗ್ಲಿಷ್. ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು, ಮದುವೆಯಾಗಿ ಮಗುವನ್ನು ತವರಲ್ಲಿ ಬಿಟ್ಟು ಬರುವ ಒಬ್ಬರೂ ಇದ್ದರು. ಮನೆಮಾತು ಕನ್ನಡ, ಉರ್ದು, ಮರಾಠಿ, ಲಂಬಾಣಿ. ಬೀದರಿನಲ್ಲಿ ಇದೇನು ಹೊಸದಲ್ಲ, ಒಂದೇ ಬೆಂಚಿನಲ್ಲಿ ಮೂರು ಭಾಷೆ ಕೂತಿರುತ್ತವೆ. ಹೆಚ್ಚಿನವರು ಹತ್ತನೇ ತರಗತಿವರೆಗೆ ಇಂಗ್ಲಿಷ್ ಮೀಡಿಯಂ ಕಂಡವರಲ್ಲ. ಐಚ್ಛಿಕ ಇಂಗ್ಲಿಷ್ ಯಾಕೆ ತಗೊಂಡ್ರಿ ಅಂತ ಕೇಳಿದರೆ ಬಿ.ಎಡ್ ಮಾಡಿದ್ರೆ ನೌಕರಿ ಸಿಗ್ತದ್ರಿ ಅನ್ನುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಅವರು ಸಾಹಿತ್ಯ ಓದೋಕೆ ಬಂದವರು ಅಂತ ಅಂದುಕೊಂಡು ಸಾಮಗ್ರಿ ಮಾಡಿದರೆ ಮೊದಲ ವಾರದಲ್ಲೇ ಕೈ ಸುಟ್ಟುಕೊಳ್ಳಬೇಕಾಗುತ್ತದೆ.

ತೊಂದರೆ

ಪಠ್ಯದಲ್ಲಿ ಇಂಗ್ಲಿಷ್ ಕವಿ ಶೆಲ್ಲಿಯ ‘ಒಝಿಮ್ಯಾಂಡಿಯಸ್’ ಇತ್ತು. 1818ರ ಜನವರಿಯಲ್ಲಿ ಲಂಡನ್ನಿನ ಒಂದು ವಾರಪತ್ರಿಕೆಯಲ್ಲಿ ಅಚ್ಚಾದ 14 ಸಾಲಿನ ಕವನ, ಅಂದರೆ ಸಾನೆಟ್. ಕತೆ ಸಣ್ಣದು. ದೂರದ ಪ್ರಾಚೀನ ನಾಡಿನಿಂದ ಬಂದ ಒಬ್ಬ ಪ್ರಯಾಣಿಕ ಮರುಭೂಮಿಯಲ್ಲಿ ಮುರಿದ ವಿಗ್ರಹ ಕಂಡೆ ಅಂತಾನೆ. ಎರಡು ದೊಡ್ಡ ಕಲ್ಲಿನ ಕಾಲು ನಿಂತಿವೆ, ಒಡೆದ ಮುಖ ಮರಳಲ್ಲಿ ಅರ್ಧ ಹೂತಿದೆ, ಪೀಠದ ಮೇಲೆ ನಾನು ರಾಜರ ರಾಜ ಅನ್ನುವ ಜಂಬದ ಬರಹ ಇದೆ, ಸುತ್ತ ಮರಳು ಬಿಟ್ಟರೆ ಏನೂ ಇಲ್ಲ. ಒಝಿಮ್ಯಾಂಡಿಯಸ್ ಅಂದರೆ ಈಜಿಪ್ಟಿನ ದೊರೆ ಎರಡನೇ ರಾಮ್ಸೆಸ್, ಗ್ರೀಕರು ಅವನನ್ನು ಕರೆದ ಹೆಸರು ಇದು.

ಹಿಂದಿನ ಬ್ಯಾಚಿನ ಕಿರುಪರೀಕ್ಷೆಯ ಉತ್ತರಗಳನ್ನು ಮೇಡಂ ನನಗೆ ತೋರಿಸಿದರು. ಎಲ್ಲವೂ ಒಂದೇ. ಅಧಿಕಾರ ಶಾಶ್ವತವಲ್ಲ, ಕಾಲ ಎಲ್ಲವನ್ನೂ ನುಂಗುತ್ತದೆ, ಕವಿ ಇದನ್ನು ಅತ್ಯಂತ ಸುಂದರವಾಗಿ ಹೇಳಿದ್ದಾನೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಸಿಗುವ ಗೈಡಿನ ಪ್ಯಾರಾಗಳೇ ಹಾಗ್‌ಹಾಗೇ ಇಳಿದಿದ್ದವು. ಒಬ್ಬನಂತೂ ‘ವಿವರಕ್ಕೆ ಹಿಂದಿನ ಪುಟ ನೋಡಿ’ ಅನ್ನೋದನ್ನೂ ಬಿಡದೆ ಬರೆದಿದ್ದ. ನಕ್ಕು ಸುಮ್ಮನಾಗಬಹುದು. ಆದರೆ ಹೊಸ ಬ್ಯಾಚಿನಲ್ಲಿ ಪಾಠ ಮುಗಿದ ಮೇಲೆ ಮೇಡಂ ಒಂದು ಪ್ರಶ್ನೆ ಕೇಳಿದರು: ಈ ಕವನದಲ್ಲಿ ಮಾತಾಡ್ತಿರೋದು ಯಾರು? ಇಡೀ ತರಗತಿ ಶೆಲ್ಲಿ ರೀ ಅಂದಿತು. ಮೊದಲ ಸಾಲಲ್ಲೇ ‘ನಾನು’ ಒಬ್ಬ ಪ್ರಯಾಣಿಕನನ್ನು ಭೇಟಿಯಾದೆ ಅಂತ ಇದೆ, ಅಲ್ಲಿಂದಾಚೆಗೆ ಮಾತೆಲ್ಲ ಪ್ರಯಾಣಿಕನದು, ಅದರೊಳಗೆ ಮತ್ತೆ ರಾಜನ ಬರಹ. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಂದರೆ ಕವನವನ್ನು ಯಾರೂ ಓದಿರಲಿಲ್ಲ, ಕವನದ ಬಗ್ಗೆ ಬರೆದದ್ದನ್ನು ಮಾತ್ರ ಓದಿದ್ದರು.

ಮೊದಲು ಮಾಡಿದ ಎರಡು ಸಾಮಗ್ರಿ

ಮೊದಲನೆಯದು ಪಿಪಿಟಿ. ಕವಿ ಪರಿಚಯ, ರೊಮ್ಯಾಂಟಿಕ್ ಯುಗ, ಸಾನೆಟ್ ಅಂದರೇನು, ಈಜಿಪ್ಟಿನ ಚಿತ್ರಗಳು. ನೋಡೋಕೆ ಚೆನ್ನಾಗಿತ್ತು. ಇಂಟರ್ನೆಟ್ಟಿನಲ್ಲಿ ರಾಮ್ಸೆಸ್ ಅಂತ ಹುಡುಕಿದರೆ ಮೊದಲು ಬರೋದು ಅಬು ಸಿಂಬೆಲ್ ಗುಡಿಯ ಚಿತ್ರ. ಬೆಟ್ಟದ ಬಂಡೆಯಲ್ಲೇ ಕಡೆದ, ಕೂತ ಭಂಗಿಯ ನಾಲ್ಕು ಬೃಹತ್ ಮೂರ್ತಿಗಳು. ಮೇಡಂ ಅದನ್ನೇ ಹಾಕಿದ್ದರು. ಮುಂದಿನ ವಾರ ಕವನದ ವಿಗ್ರಹವನ್ನು ವರ್ಣಿಸಿ ಅಂದಾಗ ಸುಮಾರು ಜನ ರಾಜ ಬೆಟ್ಟಕ್ಕೆ ಒರಗಿ ಸಿಂಹಾಸನದ ಮೇಲೆ ಕೂತಿದ್ದಾನೆ ಅಂತ ಬರೆದರು. ಕವನದಲ್ಲಿ ಬೆಟ್ಟವೂ ಇಲ್ಲ, ಸಿಂಹಾಸನವೂ ಇಲ್ಲ. ಸ್ಲೈಡು ಕವನವನ್ನು ಅಳಿಸಿಹಾಕಿತ್ತು. ನನ್ನ ಪ್ರಕಾರ ಈ ಪ್ರಕರಣದ ಮೊದಲ ತಿರುವು ಇಲ್ಲೇ. ಚಿತ್ರ ತೋರಿಸಿದರೆ ಅರ್ಥವಾಗುತ್ತೆ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? ಓದುವ ಮೊದಲೇ ಚಿತ್ರ ತೋರಿಸಿದರೆ ಓದುವ ಕೆಲಸವೇ ತಪ್ಪಿಹೋಗುತ್ತದೆ.

ಎರಡನೆಯದು ವಾಟ್ಸಾಪ್ ಗ್ರೂಪಿಗೆ ಹಾಕಿದ ನೋಟ್ಸ್. ಸಾಲು ಸಾಲಿಗೆ ಕನ್ನಡ ಅರ್ಥ, ಕೊನೆಯಲ್ಲಿ ಒಂದು ಪುಟದ ಸಾರಾಂಶ. ವಿದ್ಯಾರ್ಥಿಗಳಿಗೆ ಬಹಳ ಖುಷಿಯಾಯಿತು, ಗ್ರೂಪಿನ ತುಂಬ ಥ್ಯಾಂಕ್ಯೂ ಮೇಡಂ. ಮರುದಿನದಿಂದ ಪುಸ್ತಕ ತರುವವರೇ ಕಡಿಮೆಯಾದರು. ನೋಟ್ಸ್ ಮೊಬೈಲಿನಲ್ಲೇ ಇದೆಯಲ್ಲ! ಗೈಡಿನ ಜಾಗಕ್ಕೆ ಮೇಡಂ ಬಂದಿದ್ದರು, ಅಷ್ಟೇ ವ್ಯತ್ಯಾಸ.

ಇಲ್ಲಿ ಮೇಡಂ ತಗೊಂಡ ನಿರ್ಧಾರ ಸುಲಭದ್ದಾಗಿರಲಿಲ್ಲ. ಸಾರಾಂಶ ಕೊಡೋದನ್ನು ನಿಲ್ಲಿಸಿದರು. ವಿದ್ಯಾರ್ಥಿಗಳು ಮುನಿಸಿಕೊಂಡರು. ಹಿರಿಯ ಸಹೋದ್ಯೋಗಿಯೊಬ್ಬರು ಸಿಲೆಬಸ್ ಮುಗಿಸಿ ಮೇಡಂ, ಈ ಮಕ್ಕಳಿಗೆ ಇಷ್ಟೆಲ್ಲ ಯಾಕೆ ಅಂದರು. ‘ಈ ಮಕ್ಕಳಿಗೆ’ ಅನ್ನೋ ಮಾತು ನಮ್ಮ ಕಡೆ ಬಹಳ ಸಲ ಕೇಳಿಬರುತ್ತದೆ, ನನಗಂತೂ ಅದನ್ನು ಕೇಳಿದರೆ ಮೈ ಉರಿಯುತ್ತದೆ. ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಖಾತ್ರಿ ಇರುವುದಿಲ್ಲ, ಎದುರು ಮಾತಾಡೋದು ಕಷ್ಟ. ಮೇಡಂ ವಾದ ಮಾಡಲಿಲ್ಲ. ತರಗತಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡರು: ಪಾಠ ಮುಗಿದ ಮೇಲೆ ಸಾರಾಂಶವನ್ನು ನೀವೇ ಗುಂಪಿನಲ್ಲಿ ಬರೀರಿ, ನಾನು ತಿದ್ದಿ ಕೊಡ್ತೀನಿ, ಪರೀಕ್ಷೆಗೆ ಅದನ್ನೇ ಓದಿ. ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಹಾಳೆ

ಆಮೇಲೆ ಹುಟ್ಟಿದ್ದು ಒಂದು ಎ4 ಹಾಳೆ. ಎರಡೂ ಬದಿ ಝೆರಾಕ್ಸ್. ಕರೆಂಟು ಬೇಡ, ಪ್ರೊಜೆಕ್ಟರ್ ಬೇಡ, ನೆಟ್ ಬೇಡ.

ಮುಂದಿನ ಬದಿಯಲ್ಲಿ ಕವನ, ಮಧ್ಯದಲ್ಲಿ, ದೊಡ್ಡ ಅಕ್ಷರದಲ್ಲಿ. ಎಡಕ್ಕೂ ಬಲಕ್ಕೂ ಅಗಲವಾದ ಖಾಲಿ ಜಾಗ. ಕವಿಯ ಹೆಸರಿಲ್ಲ, ಇಸವಿ ಇಲ್ಲ, ಚಿತ್ರ ಇಲ್ಲ. ಕೆಳಗೆ ಐದಾರು ಪದಗಳಿಗೆ ಕನ್ನಡದಲ್ಲಿ ಅರ್ಥ: ಮುಖ, ಪೀಠ, ಮುಂಡವಿಲ್ಲದ, ಕೊಳೆತು ಬೀಳುವುದು, ಈ ಥರದವು. ಯಾವ ಪದಕ್ಕೆ ಅರ್ಥ ಕೊಡಬೇಕು ಅನ್ನೋದರ ಬಗ್ಗೆ ನಾವಿಬ್ಬರೂ ಸಾಕಷ್ಟು ಜಗಳ ಆಡಿದೆವು. ಸಾಲಿಗೆ ಎರಡು ಪದ ಕೊಡಿ ಅಂತ ನಾನು, ಬೇಡ ಅಂತ ಅವರು. ಅವರು ಇಟ್ಟುಕೊಂಡ ಅಳತೆ ಇದು: ಈ ಪದ ಗೊತ್ತಿಲ್ಲದಿದ್ದರೆ ಕಣ್ಣ ಮುಂದೆ ದೃಶ್ಯವೇ ಬರಲ್ಲ ಅನ್ನುವಂಥದ್ದಕ್ಕೆ ಮಾತ್ರ ಅರ್ಥ. ಉಳಿದದ್ದನ್ನು ಡಿಕ್ಷನರಿಯಲ್ಲೋ ಮೊಬೈಲಿನಲ್ಲೋ ಅವರೇ ನೋಡಲಿ. ಅವರ ಮಾತೇ ಸರಿ ಅಂತ ಈಗ ಅನಿಸುತ್ತದೆ.

ಮೊದಲ ಕೆಲಸ ಮೂರು ಬಣ್ಣದ ಪೆನ್ನಿನದು. ‘ನಾನು’ ಮಾತಾಡುವ ಕಡೆ ಒಂದು ಬಣ್ಣ, ಪ್ರಯಾಣಿಕನಿಗೆ ಇನ್ನೊಂದು, ರಾಜನಿಗೆ ಮತ್ತೊಂದು. ಎಲ್ಲರ ಹತ್ತಿರ ಮೂರು ಪೆನ್ನು ಎಲ್ಲಿರಬೇಕು! ಒಬ್ಬರು ಗೆರೆ, ಒಬ್ಬರು ಚುಕ್ಕಿ, ಒಬ್ಬರು ಅಲೆಗೆರೆ ಹಾಕಿದರು. ಅದೂ ನಡೆಯಿತು. ನಾಲ್ಕನೇ ಮನುಷ್ಯ ಒಬ್ಬ ಇದ್ದಾನೆ, ಮಾತೇ ಆಡಲ್ಲ, ಹುಡುಕಿ ಅಂದರು ಮೇಡಂ. ಸ್ವಲ್ಪ ಹೊತ್ತು ಗುಸುಗುಸು. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬಳು, ಮೂರ್ತಿ ಮಾಡ್ದಾಂವ ರೀ ಅಂದಳು. ಅವಳ ಮನೆಯಲ್ಲಿ ಬಿದ್ರಿ ಕೆಲಸ ಇದೆ. ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿ ತಂತಿ ಕೂಡಿಸಿ, ಕೊನೆಗೆ ಕೋಟೆಯ ಮಣ್ಣು ನವಸಾಗರ ಹಾಕಿ ಕಾಸಿದ ನೀರಿನಲ್ಲಿ ಕಪ್ಪು ಬರಿಸುವ ಕೆಲಸ. ಅವಳು ಎದ್ದು ನಿಂತು ಹೇಳಿದ್ದು ನನಗಿನ್ನೂ ನೆನಪಿದೆ: ‘ರಾಜಂದು ಏನೂ ಉಳಿದಿಲ್ರಿ ಮೇಡಂ. ಉಳಿದಿದ್ದು ಅವನ ಮುಖದ ಸಿಟ್ಟು ಅಷ್ಟ. ಅದನ್ನ ಕಲ್ಲಾಗ ತಂದಾಂವ ಈ ಕೆಲಸಗಾರ. ಖರೆ ಅಂದ್ರ ಇಲ್ಲಿ ಉಳಿದಾಂವ ಅವನ. ಆದ್ರ ಅವನ ಹೆಸರ ಬರದಿಲ್ಲ.’

ಗೈಡಿನಲ್ಲಿ ಈ ಮಾತು ಇರಲಿಲ್ಲ. ನನ್ನ ನೋಟ್ಸಿನಲ್ಲೂ ಇರಲಿಲ್ಲ.

ಎರಡು ಕವನ, ಹೆಸರಿಲ್ಲದೆ

ಹಾಳೆಯ ಹಿಂದಿನ ಬದಿಗೆ ಏನು ಹಾಕಬೇಕು ಅನ್ನೋದು ಮುಂದಿನ ಪ್ರಶ್ನೆ. ಶೆಲ್ಲಿ ಈ ಕವನ ಬರೆದದ್ದು ಗೆಳೆಯ ಹೊರೇಸ್ ಸ್ಮಿತ್ ಜೊತೆ ಪೈಪೋಟಿ ಕಟ್ಟಿ. ಇಬ್ಬರೂ ಒಂದೇ ವಿಷಯಕ್ಕೆ ಒಂದೊಂದು ಸಾನೆಟ್ ಬರೆದರು, ಸ್ಮಿತ್‌ನದು ಅದೇ ಪತ್ರಿಕೆಯಲ್ಲಿ 1818ರ ಫೆಬ್ರವರಿಯಲ್ಲಿ ಬಂತು. ಅವನ ಕವನದಲ್ಲಿ ಮರುಭೂಮಿಯಲ್ಲಿ ನಿಂತಿರೋದು ಒಂದೇ ಒಂದು ದೈತ್ಯ ಕಾಲು. ಕೊನೆಗೆ ಅವನು ನೇರವಾಗಿ ಲಂಡನ್ನಿಗೇ ಬರುತ್ತಾನೆ: ಮುಂದೊಂದು ದಿನ ಲಂಡನ್ ಕೂಡ ಹಾಳು ಬಿದ್ದು, ಅಲ್ಲಿ ತೋಳ ಅಟ್ಟಿಕೊಂಡು ಬಂದ ಬೇಟೆಗಾರ ಇಲ್ಲಿ ಯಾವ ದೊಡ್ಡ ಜನಾಂಗ ಇತ್ತೋ ಅಂತ ಯೋಚಿಸುತ್ತಾನೆ ಅಂತ.

ಎರಡನ್ನೂ ಪಕ್ಕಪಕ್ಕ, ಹೆಸರಿಲ್ಲದೆ ಕೊಟ್ಟು, ನಿಮಗೆ ಯಾವುದು ಸೇರ್ತು ಅಂತ ಕೈ ಎತ್ತಿಸಿದರು. ಒಂಟಿ ಕಾಲಿಗೆ ತರಗತಿ ಬಿದ್ದು ಬಿದ್ದು ನಕ್ಕಿತು. ನಕ್ಕರೂ, ಜಾಸ್ತಿ ಕೈ ಎದ್ದದ್ದು ಸ್ಮಿತ್ ಕಡೆಗೇ! ಕಾರಣ ಕೇಳಿದರೆ ‘ಇದು ತಿಳೀತದ್ರಿ’. ಎಷ್ಟೋ ಮೇಷ್ಟ್ರುಗಳು ಇಲ್ಲಿ ಇಲ್ಲಪ್ಪಾ, ಶ್ರೇಷ್ಠ ಕವನ ಇನ್ನೊಂದು ಅಂತ ಹೇಳಿ ಮುಗಿಸಿಬಿಡುತ್ತಿದ್ದರು. ಮೇಡಂ ಹೇಳಲಿಲ್ಲ. ಎರಡರಲ್ಲೂ ಕೊನೆಯ ಸಾಲುಗಳನ್ನು ಕೈಯಿಂದ ಮುಚ್ಚಿ ಓದಿ, ಏನು ಕಳೆದುಹೋಗುತ್ತೆ ನೋಡಿ ಅಂದರು. ಔರಾದ್ ಕಡೆಯ ಒಬ್ಬ ಹುಡುಗ ಹೇಳಿದ: ಒಂಟಿ ಕಾಲಿನ ಕವನದವನು ಲಂಡನ್ ಅಂತ ತಾನೇ ಹೇಳಿಬಿಟ್ಟ, ಅದಕ್ಕೆ ನಮಗೆ ಮಾಡೋಕೆ ಕೆಲಸ ಉಳಿದಿಲ್ಲ, ಇನ್ನೊಂದರಲ್ಲಿ ಬರೀ ಮರಳು ತೋರಿಸಿ ಬಿಟ್ಟಿದ್ದಾನೆ, ಯಾವ ಊರು ಬೇಕಾದರೂ ಹಾಕಿಕೊಳ್ಳಬಹುದು. ಆ ಮೇಲೂ ಕೆಲವರು ಸ್ಮಿತ್ ಪಕ್ಷ ಬಿಡಲಿಲ್ಲ. ಬಿಡಬೇಕಾಗಿಯೂ ಇರಲಿಲ್ಲ.

ಸ್ಮಿತ್‌ನ ಹೆಸರು, ಇಸವಿ, ಪೈಪೋಟಿಯ ಕತೆ ಇದೆಲ್ಲ ಗೊತ್ತಾದದ್ದು ಇಷ್ಟಾದ ಮೇಲೆ. ರಾಮ್ಸೆಸ್‌ನ ದೊಡ್ಡ ತಲೆಯ ವಿಗ್ರಹವೊಂದು ಈಜಿಪ್ಟಿನಿಂದ ಬ್ರಿಟಿಷ್ ಮ್ಯೂಸಿಯಂಗೆ ಹೊರಟಿದ್ದ ಕಾಲ ಅದು, ಆದರೆ ಅದು ಲಂಡನ್ ಮುಟ್ಟುವ ಮೊದಲೇ ಕವನ ಅಚ್ಚಾಗಿತ್ತು ಅಂತ ಮೇಡಂ ಹೇಳಿದಾಗ ಒಬ್ಬ ಎದ್ದು, ಅಂದ್ರ ನೋಡದೇ ಬರದಾನೇನ್ರಿ ಅಂದ. ಹೌದು, ಕಿವಿಯಿಂದ ಕೇಳಿ, ಪುಸ್ತಕ ಓದಿ ಬರೆದದ್ದು. ನಾವು ನೋಡೀವಲ್ರಿ ಅಂದ ಹುಡುಗ. ಏನು ನೋಡಿದ್ದೀರಿ? ಅಷ್ಟೂರು.

ಅಷ್ಟೂರು

ಮೇಡಂ ತಲೆಯಲ್ಲೂ ಇದ್ದದ್ದು ಅದೇ. ಬೀದರ್ ಊರಿನಿಂದ ಅಷ್ಟೂರಿಗೆ ಮೂರ್ನಾಲ್ಕು ಕಿಲೋಮೀಟರ್, ಆಟೋದಲ್ಲಿ ಹೋಗಿ ಬರಬಹುದು. ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿವೆ. ಅದರಲ್ಲಿ 1458ರಿಂದ 1461ರವರೆಗೆ ಆಳಿದ ಹುಮಾಯೂನ್ ಶಾನ ಗೋರಿಗೆ ಸಿಡಿಲು ಬಡಿದು, ಗುಮ್ಮಟ ಸೀಳಿ ಅರ್ಧ ಬಿದ್ದಿದೆ. ಒಳಗಿನ ಕಮಾನು ಹೊರಗಿನಿಂದಲೇ ಕಾಣುತ್ತದೆ. ಚರಿತ್ರೆಯಲ್ಲಿ ಅವನಿಗೆ ಜಾಲಿಮ್ ಅಂತಲೇ ಹೆಸರು, ಅಷ್ಟು ಕ್ರೂರಿ. ಕವನಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಎಲ್ಲಿ ಸಿಗಬೇಕು?

ಕಾಲೇಜಿನಿಂದ ಪ್ರವಾಸ ಅಂದರೆ ಪರವಾನಗಿ, ಬಸ್ಸು, ವಂತಿಗೆ ಅಂತ ನೂರೆಂಟು ತಾಪತ್ರಯ. ಹಾಗಾಗಿ ಹತ್ತಿರದ ಊರುಗಳ ಕೆಲವರು ಭಾನುವಾರ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದು ತಂದರು. ಎರಡನೇ ಹಾಳೆಯಲ್ಲಿ ಆ ಫೋಟೊ, ಕೆಳಗೆ ಒಂದೂ ಅಕ್ಷರವಿಲ್ಲ. ಕೆಲಸ ಇಷ್ಟು: ನೀವೇ ಪ್ರಯಾಣಿಕ, ನೋಡಿದ್ದನ್ನು ಇಂಗ್ಲಿಷಿನಲ್ಲಿ ಐದಾರು ಸಾಲು ಹೇಳಿ. ತಪ್ಪು ಇಂಗ್ಲಿಷ್ ನಡೆಯುತ್ತೆ, ಗೈಡಿನ ಇಂಗ್ಲಿಷ್ ನಡೆಯಲ್ಲ. ಒಬ್ಬಾಕೆ ಸುತ್ತ ಮರಳಿಲ್ಲ, ಸೋಯಾ ಬೆಳೆ ಇದೆ ಅಂತ ಬರೆದಳು. ಇನ್ನೊಬ್ಬ, ಗುಮ್ಮಟದ ನೆರಳಲ್ಲಿ ಆಡು ಕಟ್ಟಿದ್ದಾರೆ ಅಂತ. ಎಷ್ಟು ಚೆನ್ನಾಗಿದೆ!

ಅಲ್ಲಿವರೆಗೆ ಎಲ್ಲ ಮೇಡಂ ಅಂದುಕೊಂಡ ಹಾದಿಯಲ್ಲೇ ಸಾಗಿತ್ತು. ಆಗ ಒಬ್ಬ ಹುಡುಗ ಎದ್ದು ಕವಿಯ ಮಾತು ಸುಳ್ಳದರಿ ಮೇಡಂ ಅಂದ. ಯಾಕಪ್ಪಾ? ‘ಅಲ್ಲೇ ಬಾಜೂಕ ಅಹ್ಮದ್ ಶಾ ವಲಿ ಗುಮ್ಮಟ ಅದ ಅಲ್ರಿ. ಅಂವನೂ ರಾಜನ. ಅಲ್ಲಿ ವರ್ಷಾ ಜಾತ್ರಿ ಆಗ್ತದ. ನಮ್ಮಜ್ಜ ಅಲ್ಲಿಗಿ ನಡ್ಕೋತಾನ. ಎಲ್ಲಾ ಮರಳಾಗಿ ಹೋಗ್ತದ ಅಂದ್ರ ಹೆಂಗ್ರಿ?’

ಗೊತ್ತಿಲ್ಲದವರಿಗೆ ಒಂದು ಮಾತು. ವಲಿ ಅಂದರೆ ಸಂತ. ಅಹ್ಮದ್ ಶಾ 1422ರಲ್ಲಿ ಪಟ್ಟಕ್ಕೆ ಬಂದವನು, ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು. ಅವನ ಉರುಸಿಗೆ ಹಿಂದೂ ಮುಸ್ಲಿಂ ಇಬ್ಬರೂ ಬರುತ್ತಾರೆ. ಕಲಬುರಗಿ ಕಡೆಯಿಂದ ಜಂಗಮರು ಬಂದು ಪೂಜೆ ಮಾಡುತ್ತಾರೆ. ಅಲ್ಲಮಪ್ರಭು ಅಂತಲೇ ಅವನಿಗೆ ಕೈ ಮುಗಿಯುವವರಿದ್ದಾರೆ.

ತರಗತಿ ಎರಡು ಪಾಲಾಯಿತು. ಜಾತ್ರೆ ರಾಜನಿಗಲ್ಲ, ವಲಿಗೆ ಅಂದರು ಕೆಲವರು. ರಾಜ ಬೇರೆ, ವಲಿ ಬೇರೆ ಅಂತ ಯಾರು ಗೆರೆ ಎಳೆದವರು ಅಂದ ಈ ಹುಡುಗ. ಮದುವೆಯಾದ ಆ ವಿದ್ಯಾರ್ಥಿನಿ ಹೇಳಿದ್ದು ಇನ್ನೂ ಮುಂದಿನ ಮಾತು: ಕವನದ ರಾಜ ನನ್ನನ್ನು ನೋಡಿ ಹೆದರಿ ಅಂತ ಬರೆಸಿದ, ಹೆದರುವವರು ಸತ್ತ ಮೇಲೆ ಅಲ್ಲಿಗೆ ಯಾರು ಬರ್ತಾರೆ? ಗಂಟೆ ಹೊಡೆದರೂ ಮಾತು ನಿಲ್ಲಲಿಲ್ಲ, ಕನ್ನಡ, ದಖನಿ, ನಡುನಡುವೆ ಇಂಗ್ಲಿಷ್.

ಎರಡನೇ ದೊಡ್ಡ ನಿರ್ಧಾರ ಆ ಸಂಜೆಯದು. ಮೇಡಂ ಹಾಳೆಯ ಕೊನೆಯ ಪ್ರಶ್ನೆಯನ್ನು ಬದಲಿಸಿದರು. ಮೊದಲು ಕವನದ ಸಂದೇಶವೇನು ಅಂತ ಇತ್ತು. ಅದನ್ನು ತೆಗೆದು, ಈ ಪ್ರಯಾಣಿಕನನ್ನು ಅಷ್ಟೂರಿನ ಜಾತ್ರೆಗೆ ಕರೆದುಕೊಂಡು ಬಂದರೆ ಅವನು ಏನು ಹೇಳ್ತಾನೆ, ನೀವು ಏನು ಉತ್ತರ ಕೊಡ್ತೀರಿ ಅಂತ ಹಾಕಿದರು. ಎರಡೂ ಕಡೆಯ ಮಾತಿಗೆ ಕವನದಿಂದ ಒಂದು ಸಾಲಾದರೂ ಎತ್ತಿ ತೋರಿಸಲೇಬೇಕು ಅನ್ನೋದು ಷರತ್ತು. ಈ ಷರತ್ತು ಇಲ್ಲದಿದ್ದರೆ ಅದು ಬರೀ ಕಟ್ಟೆ ಚರ್ಚೆಯಾಗಿಬಿಡುತ್ತಿತ್ತು. ಷರತ್ತು ಇದ್ದದ್ದರಿಂದ ಜಗಳಕ್ಕಾಗಿ ಕವನವನ್ನು ಮತ್ತೆ ಮತ್ತೆ ಓದಿದರು.

ಏನಾಯ್ತು, ಏನಾಗಲಿಲ್ಲ

ಮುಂದಿನ ಕಿರುಪರೀಕ್ಷೆಯಲ್ಲಿ ಉತ್ತರಗಳು ಒಂದರ ಹಾಗೆ ಒಂದು ಇರಲಿಲ್ಲ. ಇಂಗ್ಲಿಷ್ ಮೊದಲಿಗಿಂತ ಕೆಟ್ಟದಾಗಿ ಕಂಡಿತು, ಯಾಕೆಂದರೆ ಈಗ ಅದು ಅವರದೇ ಇಂಗ್ಲಿಷ್. ಕಾಲಪ್ರತ್ಯಯದ ತಪ್ಪು, ಆರ್ಟಿಕಲ್ ತಪ್ಪು ರಾಶಿ ರಾಶಿ. ಮೇಡಂ ಎಲ್ಲವನ್ನೂ ಕೆಂಪು ಮಾಡಲಿಲ್ಲ. ಹೆಚ್ಚು ಸಲ ಬಂದ ಕೆಲವು ತಪ್ಪುಗಳನ್ನು ಆರಿಸಿ ಬೋರ್ಡಿನ ಮೇಲೆ ತಿದ್ದಿದರು.

ಎಲ್ಲರೂ ಬದಲಾದರು ಅಂತ ಹೇಳಿದರೆ ಸುಳ್ಳಾಗುತ್ತದೆ. ಸೆಮಿಸ್ಟರ್ ಪರೀಕ್ಷೆ ಹತ್ತಿರ ಬಂದಾಗ ಗೈಡು ಕೊಂಡವರು ಕೊಂಡರು. ಹೊರಗಿನ ಮೌಲ್ಯಮಾಪಕರು ಹೊಸ ಥರದ ಉತ್ತರಕ್ಕೆ ಅಂಕ ಕೊಡ್ತಾರೋ ಇಲ್ಲವೋ ಅನ್ನೋ ಭಯ ಇದ್ದದ್ದು ಸಹಜ. ಮೇಡಂ ಅದಕ್ಕೂ ದಾರಿ ಮಾಡಿದರು: ಉತ್ತರದ ಮೊದಲ ಭಾಗ ಎಲ್ಲರೂ ನಿರೀಕ್ಷಿಸುವ ಹಾಗೆ ಬರೀರಿ, ಕವಿ, ಪ್ರಕಾರ, ವಸ್ತು. ನಿಮ್ಮ ಮಾತು ಎರಡನೇ ಭಾಗದಲ್ಲಿ ಬರಲಿ. ಇದು ರಾಜಿ ಅಂತ ಕೆಲವರು ಅನ್ನಬಹುದು. ಫೀಸು ಕಟ್ಟಿದ ಮಕ್ಕಳ ಅಂಕದ ಮೇಲೆ ನಮ್ಮ ಆದರ್ಶವನ್ನು ಪ್ರಯೋಗ ಮಾಡಬಾರದು ಅಂತ ನಾನು ನಂಬುತ್ತೇನೆ.

ಇನ್ನೊಂದು ತೊಡಕು ಸಮಯದ್ದು. ಪಿಪಿಟಿಯಾದರೆ ಇಂಟರ್ನೆಟ್ಟಿನಿಂದ ಇಳಿಸಿ ಸಂಜೆಯೊಳಗೆ ಮುಗಿಸಬಹುದು. ಹಾಳೆಗೆ ಹಾಗಲ್ಲ. ಏನು ಹಾಕಬೇಕು ಅನ್ನೋದಕ್ಕಿಂತ ಏನು ಬಿಡಬೇಕು ಅನ್ನೋದಕ್ಕೇ ಹೆಚ್ಚು ಹೊತ್ತು ಹೋಗುತ್ತದೆ. ವಿದ್ಯಾರ್ಥಿ ತಾನಾಗಿ ತಲುಪಲಾರದ್ದನ್ನು, ಅಂದರೆ ದೃಶ್ಯ ಕಟ್ಟೋಕೆ ಬೇಕಾದ ಪದಗಳ ಅರ್ಥ, ಸ್ಮಿತ್‌ನಂಥ ಎರಡನೇ ಪಠ್ಯ, ಇಷ್ಟನ್ನು ಹಾಳೆ ಕೊಡಬೇಕು. ಅವನು ತಲುಪಬಲ್ಲದ್ದನ್ನು ಹಾಳೆ ಮುಚ್ಚಿಟ್ಟುಕೊಂಡಿರಬೇಕು. ಈ ಗೆರೆ ಎಲ್ಲಿ ಬೀಳುತ್ತೆ ಅನ್ನೋದು ತರಗತಿಯಿಂದ ತರಗತಿಗೆ ಬೇರೆ. ಹಾಗಾಗಿ ಪಠ್ಯದ ಎಲ್ಲ ಕವನಕ್ಕೂ ಮೇಡಂ ಹಾಳೆ ಮಾಡಲಿಲ್ಲ, ಒಂದೆರಡನ್ನು ಆರಿಸಿಕೊಂಡರು. ಉಳಿದವಕ್ಕೆ ಮಾಮೂಲಿ ಪಾಠವೇ.

ಬೇರೆ ಊರಲ್ಲಿ ಮಾಡುವವರಿಗೆ

ಹಾಳೆಯನ್ನು ಹಾಗೇ ಝೆರಾಕ್ಸ್ ಮಾಡಿಕೊಂಡರೆ ಉಪಯೋಗವಿಲ್ಲ, ಅಷ್ಟೂರಿನ ಜಾಗಕ್ಕೆ ನಿಮ್ಮ ಊರು ಬರಬೇಕು. ಕಲಬುರಗಿಯವರಿಗೆ ಹಫ್ತ್ ಗುಂಬಜ್ ಇದೆ. ಸುಲ್ತಾನರ ಗೋರಿಗಳು ಅಲ್ಲಿ ಸುಮ್ನೆ ನಿಂತಿವೆ, ಹತ್ತಿರದಲ್ಲೇ ಬಂದೇ ನವಾಜ್ ದರ್ಗಾದಲ್ಲಿ ಜನ ತುಂಬಿ ತುಳುಕುತ್ತಾರೆ. ಅಲ್ಲೂ ಇದೇ ಜಗಳ ಏಳುತ್ತದೆ, ಏಳಲಿ ಬಿಡಿ. ಸೇಡಂ ಕಡೆಯವರಿಗೆ ಮಳಖೇಡ: ಕಾಗಿಣಾ ನದಿ ದಂಡೆಯಲ್ಲಿ ರಾಷ್ಟ್ರಕೂಟರ ರಾಜಧಾನಿಯ ಕೋಟೆ ಹಾಳಾಗಿದೆ, ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವನ್ನು ಇವತ್ತೂ ತರಗತಿಯಲ್ಲಿ ಓದುತ್ತಿದ್ದೇವೆ. ಯಾದಗಿರಿಯವರಿಗೆ ಊರ ನಡುವಿನ ಗುಡ್ಡದ ಮೇಲೇ ಕೋಟೆ ಇದೆ. ಒಂದು ಎಚ್ಚರಿಕೆ: ಫೋಟೊ ಕೊಡೋದು ಕವನ ಓದಿದ ಮೇಲೆ, ಮೊದಲಲ್ಲ. ಮತ್ತೆ, ಧರ್ಮದ ವಿಷಯ ಬಂದಾಗ ಮಾತು ಬಿಸಿಯಾಗಬಹುದು. ಕವನದ ಸಾಲು ತೋರಿಸಿ ಅನ್ನೋ ಷರತ್ತು ಅಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

ಕಾದಂಬರಿಗೆ ಈ ದಾರಿ ಇನ್ನೂ ಸಿಕ್ಕಿಲ್ಲ. 14 ಸಾಲನ್ನು ಒಂದು ಹಾಳೆಗೆ ತರಬಹುದು, ಮುನ್ನೂರು ಪುಟವನ್ನು ಹೇಗೆ ತರೋದು? ಒಂದು ಅಧ್ಯಾಯದ ಒಂದೇ ಸಂಭಾಷಣೆಯನ್ನು ತೆಗೆದು ಹಾಳೆ ಮಾಡಿ ನೋಡಿದರು. ಹುಡುಗರು ಆ ಪುಟವನ್ನೇನೋ ಚೆನ್ನಾಗಿ ಓದಿದರು, ಉಳಿದ ಕತೆಗೆ ನೇರ ಗೈಡಿಗೇ ಹೋದರು. ಈಗ ಅಧ್ಯಾಯಗಳನ್ನು ಗುಂಪುಗಳಿಗೆ ಹಂಚಿ, ಒಂದು ಗುಂಪು ಇನ್ನೊಂದು ಗುಂಪಿಗೆ ಕತೆ ಹೇಳುವ ಹಾಗೆ ಮಾಡೋಣ ಅಂತಿದ್ದಾರೆ. ಮಧ್ಯದ ಅಧ್ಯಾಯ ಸಿಕ್ಕ ಗುಂಪು ಈಗಲೇ ತಕರಾರು ತೆಗೆದಿದೆ: ಮೊದಲಿನವರು ಸರಿಯಾಗಿ ಹೇಳದಿದ್ದರೆ ನಾವು ಏನಂತ ಶುರು ಮಾಡೋದ್ರಿ?